ದಿನ್ನಿ ಅಂತ ಬರಕೊಂಡೆ

೯ ಅಕ್ಟೋಬರ್, ಗುರುವಾರ

ಬೆಳಿಗ್ಗೆ ಎರಡು ಪಂಪಿನ ಮೋಟಾರಿಗೆ ತಂತಿ ಸುತ್ತಿ ಮುಗಿಸಿದೆ. ಬೆರಳ ತುಂಬ ವಾರ್ನಿಶ್. ಮೂರನೇದು ನಾಳೆ. ಅಪ್ಪ ಅಂಗಡಿ ಕುರ್ಚಿಯೊಳಗ ಕುಂತು ತಪ್ಪು ಹುಡುಕತಾನ, ಸುತ್ತೂ ಕೆಲಸ ಮಾತ್ರ ನಂದು.

ಮಧ್ಯಾಹ್ನ ಶೇಖಪ್ಪ ಕಾಕಾ ಬಂದ್ರು. ಅಪ್ಪನ ಹಳೇ ಗೆಳೆಯ, ಗಣೇಶಗುಡಿ ಕಡೆ ಟಪಾಲು ಹಂಚ್ತಾರ. ಮಣಕಾಲು ಕೈಕೊಟ್ಟಾವ. ಸೈಕಲ್ಲಿನ ಗಾಲಿಗೆ ಕರೆಂಟ್ ಮೋಟಾರು ಕೂಡಿಸಿ ಕೊಡು ಅಂದ್ರು.

"ಏರು ಎಷ್ಟೈತ್ರಿ ಕಾಕಾ?"

"ಒಂದ ದಿನ್ನಿ ಐತಿ ತಂಗಿ, ಅಷ್ಟ."

ಎಲ್ಲಾನೂ ಸಣ್ಣದು ಮಾಡಿ ಹೇಳೂ ಮನಷ್ಯಾ. ಚೀಟಿಯೊಳಗ 'ದಿನ್ನಿ' ಅಂತ ಬರಕೊಂಡೆ. ಹೋದ ವರ್ಷ ಸುಪಾ ಡ್ಯಾಮ್ ನೋಡಾಕ ಅದ ದಾರಿಲೆ ಹೋಗಿದ್ದೆ. ಬಸ್ಸು ಫಸ್ಟ್ ಗೇರಿನ್ಯಾಗ ನರಳ್ತಿತ್ತು...

೧೦ ಅಕ್ಟೋಬರ್, ಶುಕ್ರವಾರ

ಕಪಾಟಿನ್ಯಾಗ ಒಂದು ಮೋಟಾರು ಕುಂತೈತಿ. ಮುಂಡಗೋಡ ಟಿಬೆಟನ್ ಕಾಲೊನಿಯವರೊಬ್ರು ತರಸಿ, ಆಮ್ಯಾಲೆ ಒಲ್ಲೆ ಅಂದಿದ್ದು. ಸಪಾಟು ರಸ್ತೇಕ ಭಾರೀ ಸ್ಪೀಡು. ಏರಿಗೆ ಅಲ್ಲ. ಏರಿನ್ಯಾಗ ತಿರಗೂದು ಸಾವಕಾಶ, ಕರೆಂಟ್ ಮಾತ್ರ ಗಬಗಬ ತಿಂತೈತಿ, ತಿಂದದ್ದೆಲ್ಲಾ ಬಿಸಿ. ಒಳಗ ಗೇರ್ ಇರೂದು ಬೇಕು. ಅದು ಹುಬ್ಬಳ್ಳಿಯಿಂದ ಬರಾಕ ಹದಿನೈದು ದಿನ. ಇದು ನೋಡಿದ್ರ ಯಾರೂ ಕೊಳ್ಳದ ದಿನಾ ಕಣ್ಣಿಗೆ ಚುಚ್ಚತೈತಿ.

ಇದನ್ನ ಕೂಡಿಸಿದೆ.

ಮೋಟಾರಿಗೆ ಕರೆಂಟ್ ಅಳದು ಬಿಡೂ ಕಂಟ್ರೋಲರ್, ಹದಿನೆಂಟು ಆಂಪಿಂದು ಬಿಟ್ಟು ಮೂವತ್ತೈದರದು ಹಾಕಿದೆ. ಜಾಸ್ತಿ ಕರೆಂಟ್ ಕೊಟ್ರ ಏರ್ತೈತಿ ಬಿಡು — ಅಂತ. ಅಂಗಡಿ ಮುಂದ ಸಪಾಟಿನ್ಯಾಗ ಓಡಿಸಿ ತೋರಿಸಿದೆ. ಕಾಕಾ ಸಣ್ಣ ಹುಡುಗೂರಂಗ ನಕ್ಕರು.

೧೭ ಅಕ್ಟೋಬರ್, ಶುಕ್ರವಾರ

ಸೈಕಲ್ಲು ಟೆಂಪೋದಾಗ ಬಂತು. ಹಿಂದ ಕಾಕಾ, ಎಡಗೈಗೆ ಬ್ಯಾಂಡೇಜ್.

ಮೂರನೇ ದಿನ ಅರ್ಧ ಏರಿನ್ಯಾಗ ಸುಟ್ಟ ವಾಸನಿ ಬಂತಂತ. ಮೋಟಾರು ನಿಂತು ಗಾಡಿ ಹಿಂದ ಜಾರಿ, ಕಾಕಾ ಗಟಾರದಾಗ. ಪತ್ರ ಎಲ್ಲಾ ಚೆಲ್ಲಾಪಿಲ್ಲಿ. ಒಂದೂ ಬಿಡದಂಗ ಆರಿಸಿಕೊಂಡೇ ದವಾಖಾನಿಗೆ ಹೋದ್ರಂತ.

"ನಂದ ತಪ್ಪು ತಂಗಿ. ಗಾಬರ್ಯಾಗಿ ಆಕ್ಸಲರೇಟರ್ ಪೂರ್ತಿ ತಿರುವಿಬಿಟ್ಟೆ. ನೀ ಇಷ್ಟ ಕಾಳಜಿಲೆ ಮಾಡಿ ಕೊಟ್ಟಿದ್ದಿ, ಸುಟ್ಟು ತಂದೆ ನೋಡು."

ಮ್ಯಾಲೆ ಒಂದು ಚಕ್ಕೋತ ಬ್ಯಾರೆ ತಂದಿದ್ರು, ನನಗ ಅಂತ.

"ಸಾವಕಾಶ ತಿರುವಬೇಕ್ರಿ ಕಾಕಾ" ಅಂದೆ. ಅಷ್ಟ ಅಂದೆ. ಥೂ ನನ್ನ ಬಾಯಿಗೆ.

೨೧ ಅಕ್ಟೋಬರ್, ಮಂಗಳವಾರ

ಅಂಗಡಿ ಪೂಜಾ. ಅಪ್ಪ ಎಲ್ಲಾ ಸಾಮಾನಿಗೆ ವಿಭೂತಿ ಹಚ್ಚಿದ, ಆ ಸುಟ್ಟ ಮೋಟಾರಿಗೂ. ಮೂಸಿ ನೋಡಿದ. ಕಂಟ್ರೋಲರಿನ ಮ್ಯಾಲೆ ಬರದ ಮೂವತ್ತೈದು ಓದಿದ.

"ಹೆಂಗ ಸುಟ್ಟತು?"

"ಕಾಕಾ ಜಗ್ಗಿ ತಿರುವಿದ್ರಂತ."

ಅಪ್ಪ ಮೋಟಾರು ಕೆಳಗಿಟ್ಟ. ಆಮ್ಯಾಲೆ, "ಓಡೂ ಎತ್ತು ಬ್ಯಾರೆ, ಜಗ್ಗೂ ಎತ್ತು ಬ್ಯಾರೆ. ನಿನಗ ಹೇಳಬೇಕೇನ ದ್ರಾಕ್ಷಾಯಣಿ" ಅಂದ. ಬೈದಿದ್ರ ಚಲೋ ಇತ್ತು.

ಹೋಳಿಗಿ ಅರ್ಧಕ್ಕ ಬಿಟ್ಟು ಎದ್ದೆ. ಗೇರಿನ ಮೋಟಾರಿಗೆ ಆರ್ಡರ್ ಹಾಕಿದೆ. ಕಾಕಾಗ ಫೋನ್ ಮಾಡಿ ಇದ್ದದ್ದು ಹೇಳಬೇಕು. ನಾಳೆ.

೮ ನವೆಂಬರ್, ಶನಿವಾರ

ಹೇಳಿಲ್ಲ.

ಮೋಟಾರು ಬಂತು. ಹದಿನೆಂಟರ ಕಂಟ್ರೋಲರಿಗೆ ಸರಿ ಜೋಡಿ. ಕೂಡಿಸಿದೆ. ಸೋಮವಾರ ನಾನ ಒಯ್ದು ಏರಿಸಿ ನೋಡ್ತೇನಿ. ಅಲ್ಲೇ ಹೇಳಿಬಿಡ್ತೇನಿ.

೧೦ ನವೆಂಬರ್, ಸೋಮವಾರ, ಮಧ್ಯಾಹ್ನ ೩.೩೦, ಗಣೇಶಗುಡಿ

ಏರಿತು. ಹಿಂದ ಅಕ್ಕಿ ಚೀಲ ಕಟಗೊಂಡು ಹೊಂಟೆ. ಎರಡು ಕಿಲೋಮೀಟರ್, ತಿರುವಿಗೊಂದು ತಿರುವು. ದಿನ್ನಿ ಅಂತ ದಿನ್ನಿ! ಮ್ಯಾಲೆ ಬಂದು ಮೋಟಾರು ಮುಟ್ಟಿದೆ — ಕೈ ಇಡುವಷ್ಟ ಬಿಸಿ.

ಕಾಕಾ ಟಪಾಲು ಖೋಲಿ ಮುಂದ ನಿಂತು ನೋಡಾಕತ್ತಿದ್ರು. "ಭಲೇ ತಂಗಿ!" ಅಂದ್ರು. ಆಮ್ಯಾಲೆ ದನಿ ಇಳಿಸಿ, "ಆದ್ರ ನನಗ ಬ್ಯಾಡ. ಮತ್ತ ನನ್ನ ಕೈಲೆ ಸುಟ್ಟೀತು. ಮಣಕಾಲು ನಡ್ಯಾಕ ಬಿಡೂದಿಲ್ಲ, ಕೈಗೆ ಗಾಡಿ ಹೊಡಿಯೂ ಬುದ್ಧಿ ಇಲ್ಲ. ಕೆಲಸಾ ಬಿಡ್ತೇನಂತ ಬರದು ಟಪಾಲು ಚೀಲಕ್ಕ ಹಾಕೇನಿ."

ಇಪ್ಪತ್ತಾರು ವರ್ಷದ ಕೆಲಸಾ. ನಾ ಅಂದ ಒಂದು ಮಾತಿಗೆ.

ಚೀಲ ಇಲ್ಲೇ ಬೆಂಚಿನ ಮ್ಯಾಲೆ, ನನ್ನ ಬಾಜೂಕ ಐತಿ. ಬಾಯಿ ಇನ್ನೂ ಕಟ್ಟಿಲ್ಲ. ನಾಕಕ್ಕ ಟಪಾಲು ಗಾಡಿ ಬಂದು ಒಯ್ತೈತಿ. ಕಾಕಾ ಚಾ ಮಾಡಾಕ ಒಳಗ ಹೋಗ್ಯಾರ. ಡೈರಿ ತಗದು ಬರಿಯಾಕತ್ತೇನಿ. ಇಲ್ಲಿ ಬರದ್ರ ಬಾಯಿಗೂ ಬಂದೀತು.

ಕಾಕಾ, ನಿಮ್ಮ ಕೈಯಾಗ ಏನೂ ತಪ್ಪಿಲ್ರಿ. ಅದು ದಿನ್ನಿ ಅಲ್ಲಂತ ನನಗ ಗೊತ್ತಿತ್ತು. ಆ ಮೋಟಾರು ಏರೂದಿಲ್ಲಂತನೂ...

ಕಪ್ಪಿನ ಸಪ್ಪಳ. ಬಂದ್ರು.

ಕಾಕಾ, ನಾ —