ನಾಲ್ಕು ಬೋಲ್ಟಿನ ತೂತುಗಳು

ಅಪ್ಪ,

ನೀನು ಯಲ್ದೂರಿನ ಸೊಣ್ಣಪ್ಪಣ್ಣನಿಗೆ ಕಟ್ಟಿಕೊಟ್ಟ ಮೀನಿನ ದೋಣಿ ಈ ವಾರ ನನ್ನ ಮಾಲೂರಿನ ಶೆಡ್ಡಿಗೆ ಬಂದಿತ್ತು. ಹಿಂಬದಿಯಲ್ಲಿ ಮೋಟಾರು ಹಿಡಿಯುವ ಹಲಗೆ ಅಲುಗಾಡುತ್ತಿತ್ತು. ಮೇಲಿನ ಫೈಬರ್ ಹೊದಿಕೆ ಕೊಯ್ದೆ. ಒಳಗಿನ ಪ್ಲೈವುಡ್ ಪೂರ್ತಿ ಕೊಳೆತಿರುತ್ತದೆ ಎಂದೇ ನಂಬಿದ್ದೆ. ಮರ ಬೇಡ, ನೀರು ಹೀರದ ಫೋಮ್ ಹಲಗೆ ಹಾಕೋಣ ಎಂದು ಜಗಳವಾಡಿ ತಾನೇ ನಾನು ನಿನ್ನ ಶೆಡ್ಡು ಬಿಟ್ಟದ್ದು?

ಪ್ಲೈವುಡ್ ಗಟ್ಟಿಯಾಗಿತ್ತು. ಮೋಟಾರಿನ ಬೋಲ್ಟು ಕೂರುವ ನಾಲ್ಕು ತೂತುಗಳ ಸುತ್ತ ಮಾತ್ರ ನೆನೆದು ಪುಡಿಯಾಗಿತ್ತು. ನಿನ್ನ ಶೆಡ್ಡು ಬಿಡುವ ಮೊದಲು ಅವನ್ನು ಕೊರೆದವಳು ನಾನು. ಕೊರೆದ ಮೇಲೆ ಮರಕ್ಕೆ ನೀರು ಇಳಿಯದಂತೆ ಒಳಗೆ ರೆಸಿನ್ ಅಂಟು ಸವರು ಎಂದು ನೀನು ಹೇಳಿದ್ದೆ, ನಾನು ಸವರಿರಲಿಲ್ಲ.

"ಫೋಮೇ ಹಾಕ್ತೀಯೇನಮ್ಮ?" ಎಂದು ಸೊಣ್ಣಪ್ಪಣ್ಣ ಕೇಳಿದ.

"ಇಲ್ಲಣ್ಣ, ಪ್ಲೈವುಡ್ಡೇ. ಈ ಮೋಟಾರ್ ಭಾರಕ್ಕೆ ಅದೇ ಸರಿ. ನೀರು ಒಳಕ್ಕೆ ಹೋಗ್ದಂಗೆ ಮಾಡೋದು ನನ್ ಕೆಲ್ಸ."

ಹೊಸ ಹಲಗೆ ಕೂರಿಸಿ ಪ್ರತಿ ತೂತಿಗೂ ಎರಡು ಸಲ ರೆಸಿನ್ ಸವರಿದೆ. ಇಪ್ಪತ್ತು ವರ್ಷ ಅಲ್ಲಾಡುವುದಿಲ್ಲ, ಬರೆದು ಕೊಡುತ್ತೇನೆ.

ದೋಣಿ ಒಯ್ಯುವಾಗ ಸೊಣ್ಣಪ್ಪಣ್ಣ ಇನ್ನೊಂದು ಮಾತು ಹೇಳಿದ. ನೀನು ತೀರಿಕೊಳ್ಳುವ ಒಂದು ತಿಂಗಳ ಮುಂಚೆ ಆ ಬೋಲ್ಟುಗಳ ಸುತ್ತ ಬೆರಳಿಂದ ತಟ್ಟಿ ನೋಡಿ, "ಇದನ್ನ ನಮ್ ಗಂಗಾನ ಹತ್ರ ತಗೊಂಡೋಗಪ್ಪ, ಅವ್ಳೇ ಬಿಚ್ಲಿ" ಎಂದಿದ್ದೆಯಂತೆ.

ಫೋನ್ ಮಾಡಿ ಬೈಯಬಹುದಿತ್ತಲ್ಲಪ್ಪ. ನಾನು ನಂಬರ್ ಬದಲಾಯಿಸಿರಲಿಲ್ಲ.