ಗುಟುಕ್ಯಾ ಬೇರೆ, ನೀವು ಬೇರೆ

ಮಾಡಗ್ಯಾಳ, ತಾ. ಜತ್ತ
ದಿ. ೨೦ ಜನವರಿ ೨೦೨೫

ಪ್ರೀತಿಯ ಉಮಾನ ಅಪ್ಪನಿಗೆ,

ಹೇಗಿದ್ದೀರಿ? ಕೈ ನಡುಗುವುದು ನಿಂತಿದೆಯಂತೆ, ಊಟವೂ ಸೇರುತ್ತಿದೆಯಂತೆ. ಮೀರಜದ ನಿಮ್ಮ ವ್ಯಸನಮುಕ್ತಿ ಕೇಂದ್ರದ ಪ್ರಾಜಕ್ತಾ ಮೇಡಮ್ ಇದನ್ನು ಹೇಳಿದಾಗ ಅತ್ತೆ ದೇವರಿಗೆ ಕೈಮುಗಿದು, ಮರುಗಳಿಗೆಯೇ "ಮೀರಜದವರ ರೊಟ್ಟಿ ಏನ್ ರೊಟ್ಟಿ, ಹಪ್ಪಳ ಇದ್ದಂಗ" ಎಂದು ಮೂಗು ಮುರಿದರು. ನಾವೆಲ್ಲ ಸುಖವಾಗಿದ್ದೇವೆ. ಜೋಳ ಹಾಲುಗಾಳು ಕಟ್ಟಿದೆ, ಕುರಿಗಳು ಮೈತುಂಬಿಕೊಂಡಿವೆ. ಉಮಾ ಶಾಲೆಯ ಓಟದಲ್ಲಿ ಮೊದಲು ಬಂದಳು. ಓಡುವುದರಲ್ಲಿ ನಿಮ್ಮ ಮಗಳೇ, ಓದುವುದರಲ್ಲೂ ನಿಮ್ಮ ಮಗಳೇ, ಏನು ಮಾಡುವುದು!

ಈ ವಾರ ಚಿಕಿತ್ಸೆ ಮುಗಿದರೂ ಊರಿಗೆ ಬರುವುದಿಲ್ಲ ಎಂದಿರಂತೆ. "ಊರಿಗೆ ಹೋದ್ರ ನಾ ಮತ್ತ ಕುಡುಕನ" ಎಂದಿರಂತೆ. ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅದಕ್ಕೇ ಈ ಪತ್ರ. ಬರೆಯಲು ಹೇಳಿದ್ದೂ ಮೇಡಮ್ಮೇ. ಮೊದಲ ಸಲ ಮನೆಗೆ ಬಂದಾಗ ಅವರು ಹೇಳಿದ್ದು ಒಂದೇ ಮಾತು: "ಮನಷ್ಯಾ ಬ್ಯಾರೆ, ತ್ರಾಸ ಬ್ಯಾರೆ. ಆ ತ್ರಾಸಿಗೆ ನೀವ ಒಂದು ಹೆಸರಿಡ್ರಿ." ಗುಟುಕು ಗುಟುಕಾಗಿ ಒಳಗೆ ಬಂದವನೆಂದು ಅತ್ತೆ ಹಿಂದೆಮುಂದೆ ನೋಡದೆ "ಗುಟುಕ್ಯಾ" ಎಂದರು. ಅಲ್ಲಿಗೇ ನಿಂತರೆ ನಿಮ್ಮ ಅವ್ವ ಹೇಗಾದಾರು? ಊರಿಗೆ ಬೇನೆ ಬಂದಾಗ ಮಾಡುವಂತೆ ಮೊರದಲ್ಲಿ ಮೊಸರನ್ನ, ನಿಂಬೆಹಣ್ಣು, ಕುಂಕುಮ ಜೋಡಿಸಿಕೊಂಡು (ಗುಟುಕ್ಯಾ ಗಂಡಸೆಂದು ಬಳೆ ಮಾತ್ರ ಇಡಲಿಲ್ಲ) ಸೀಮೆಯಾಚೆ ಎಡೆ ಇಟ್ಟು, "ಉಂಡು ಹೋಗಪಾ, ಹಿಂದ ನೋಡಬ್ಯಾಡ" ಎಂದು ಬೀಳ್ಕೊಟ್ಟು ಬಂದರು.

ಇವತ್ತು ಎರಡನೆಯ ಸಲ ಬಂದ ಮೇಡಮ್ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಜ್ಜಿ, ಉಣ್ಣಾಕ ನೀಡಿದ್ರ ಅದು ಹೋಗತೈತೇನ್ರಿ? ಇಷ್ಟು ದಿನ ಏನ್ ಉಂಡು ಬೆಳೀತು, ಅದನ್ನ ಹೇಳ್ರಿ" ಎಂದರು. ಗೆಳೆಯರು, ಸಂತೆ, ಸೊಂಟನೋವು ಎಂದೆಲ್ಲ ಹೇಳಿದೆವು. ಹೇಳುತ್ತ ಹೇಳುತ್ತ ನನಗೇ ಒಂದು ಹೊಳೆಯಿತು. ಊರಿನವರು ನಿಮ್ಮನ್ನು ಕುಡುಕ ಎನ್ನುತ್ತಾರೆ. ಅತ್ತೆಯೂ "ಆ ಕುಡುಕ ಬಂದನೇನು" ಎಂದೇ ಕೇಳುತ್ತಿದ್ದರು. ನಾನಂತೂ ಪದ್ಧತಿಯಂತೆ ಗಂಡನ ಹೆಸರು ಹೇಳುವವಳಲ್ಲ. ಹೀಗೆ ನಿಮ್ಮ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಗುಟುಕ್ಯಾನಿಗೆ ಅದೇ ಹಬ್ಬದೂಟ. "ಹಂಗಾರ ಈಗರೆ ಹೇಳ್ರಿ" ಎಂದರು ಮೇಡಮ್. ಬರಿಯ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಮದುವೆಮನೆಯಲ್ಲಿ ಹೇಳುವಂತೆ ಒಡಪು ಕಟ್ಟಿ ಹೇಳಿದೆ: "ಹಟ್ಟಿಯ ಮುಂದ ಕುರಿಗಳ ಸಾಲು, ಬಸಗೊಂಡರ ಹೆಸರು ನನಗ ಸಕ್ಕರಿ ಹಾಲು." ಉಮಾ ಚಪ್ಪಾಳೆ ಹೊಡೆದಳು. ನನ್ನ ಮುಖ ಕೆಂಪಾಯಿತಂತೆ, ಆಗಲಿ ಬಿಡಿ.

ಆಮೇಲೆ ಮೇಡಮ್ "ಗುಟುಕ್ಯಾ ಸೋತಿದ್ದು ಯಾವಾಗರೆ ಐತೇನ್ರಿ?" ಎಂದು ಕೇಳಿದರು. ಇಲ್ಲವೇ ಇಲ್ಲ ಎಂದೆ. ಉಮಾನೇ ನೆನಪು ಮಾಡಿದಳು. ಕಳೆದ ವರ್ಷ ತಾಯಿ ಸತ್ತ ಮರಿಗೆ ನೀವು ಬಾಟಲಿ ಹಾಲು ಕುಡಿಸಲು ಹೋದಿರಿ. ನಿಮ್ಮ ಉಸಿರಿನ ವಾಸನೆಗೆ ಅದು ಮುಖ ತಿರುಗಿಸಿತು. ಅದು ಹುಲ್ಲು ಕಚ್ಚುವವರೆಗೂ ನೀವು ಒಂದು ಹನಿ ಮುಟ್ಟಲಿಲ್ಲ. ನಾವೆಲ್ಲ ನೋಡಿದ್ದೆವು, ಯಾರೂ ಒಂದು ಮಾತು ಆಡಿರಲಿಲ್ಲ! ಹೊಟ್ಟು ಕೇಳಲು ಬಂದಿದ್ದ ಪಕ್ಕದ ಮನೆಯ ಸೋಮನಿಂಗಪ್ಪ ಕಾಕಾ ಅಲ್ಲೇ ಕಂಬಕ್ಕೆ ಒರಗಿ ಇದನ್ನೆಲ್ಲ ಕೇಳುತ್ತಿದ್ದರು. ನಿಮಗೇನು ಅನ್ನಿಸಿತು ಎಂದು ಮೇಡಮ್ ಅವರನ್ನೂ ಕೇಳಿದರು. "ನಾ ಅಂವನ ಕೈಯಾಗಿನ ಬಾಟ್ಲಿ ಅಷ್ಟ ನೋಡೀನ್ರಿ. ಇಂಥಾ ಕಕ್ಕುಲಾತಿ ಐತಿ ಅಂತ ನೋಡಿದ್ದಿಲ್ಲ" ಎಂದು ಕಾಕಾ ಕಣ್ಣು ಒರೆಸಿಕೊಂಡರು.

ಎಲ್ಲ ತಪ್ಪೂ ಗುಟುಕ್ಯಾನದೇ, ನಿಮ್ಮದೇನೂ ಇಲ್ಲ ಎಂದು ತಲೆ ಸವರುವವಳು ನಾನಲ್ಲ. ನೀವು ಎಸೆದ ತಾಟು ನೆಗ್ಗಿಕೊಂಡು ಇನ್ನೂ ಮೂಲೆಯಲ್ಲಿದೆ. ಆದರೆ ಈ ಜಗಳದಲ್ಲಿ ಇಷ್ಟು ದಿನ ನಾವು ನಿಮ್ಮ ಎದುರು ನಿಂತಿದ್ದೆವು, ಈಗ ನಿಮ್ಮ ಪಕ್ಕಕ್ಕೆ ಬಂದಿದ್ದೇವೆ. ಗುಟುಕ್ಯಾ ಮತ್ತೆ ಬರಬಹುದು, ಬಾಗಿಲು ಬಡಿಯಬಹುದು. ಬಂದರೆ ನೀವೂ ಸೇರಿ ನಾಲ್ಕು ಜನ ಇದ್ದೇವೆ. ನನಗೆ ನೀವು ಬೇಕು.

ಅತ್ತೆ ಆಶೀರ್ವಾದ ಹೇಳಿದ್ದಾರೆ. "ನನ್ನ ಬಸಗೊಂಡಗ" ಎಂದೇ ಬರೆಯಬೇಕಂತೆ, ಬರೆದಿದ್ದೇನೆ. ಉಮಾನ ನಮಸ್ಕಾರ. ಬೆಚ್ಚಗೆ ಹೊದ್ದು ಮಲಗಿರಿ.

ನಿಮ್ಮ
ಯಲ್ಲವ್ವ

ತಾ.ಕ.: ಮೇಡಮ್ ಬಸ್ಸಿಗೆ ಹೊರಟಿದ್ದಾರೆ, ಪತ್ರ ಅವರ ಕೈಯಲ್ಲೇ ಕಳಿಸಬೇಕು, ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮನಿಂಗಪ್ಪ ಕಾಕಾ ಈಗ ಮತ್ತೆ ಬಂದಿದ್ದರು. ಅವರಿಗೆ ಮೊಣಕಾಲು ನೋವು, ಕುರಿಯ ಹಿಂದೆ ತಿರುಗಲು ಆಗುವುದಿಲ್ಲ. ತಮ್ಮ ಹೆಣ್ಣುಮರಿಗಳನ್ನು ನಿಮಗೆ ಪಾಲಿಗೆ ಕೊಡುತ್ತಾರಂತೆ. ಮೇಯಿಸಿ ಸಾಕಿದರೆ ಹುಟ್ಟುವುದರಲ್ಲಿ ಅರ್ಧ ನಮ್ಮದು. ನಂಬಿಕೆ ಇಲ್ಲದವರಿಗೆ ನಮ್ಮಲ್ಲಿ ಯಾರೂ ಕುರಿ ಪಾಲಿಗೆ ಬಿಡುವುದಿಲ್ಲ, ನಿಮಗೇ ಗೊತ್ತು. ಬೀರದೇವರ ಗುಡಿಯ ಮುಂದೆ, ಹಿರಿಯರ ಎದುರು, ಸಾಕುವವನೇ ನಿಂತು ದೇವರ ಭಂಡಾರದ ಅರಿಶಿನ ಮುಟ್ಟಿ ಮರಿಗಳನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕು. ಹೆಂಡತಿ ಹೋದರೆ ನಡೆಯುವುದಿಲ್ಲ. "ಬಸಗೊಂಡ ಯಾವಾಗ ಬರ್ತಾನವಾ?" ಎಂದು ಕೇಳಿದರು. ನಿಮ್ಮನ್ನು ಒಂದು ಮಾತೂ ಕೇಳದೆ ನಾನು "ಬರೂ ರವಿವಾರ" ಅಂದುಬಿಟ್ಟೆ.