ಅಳೆಯದ ನೀರಿಗೆ ಎಳೆದ ಕೆಂಪು ಗೆರೆ

ಅಲ್ಲ ಮಾನ್ಯರೇ, ಹಾಗಾದರೆ ಒಂದು ತಿಂಗಳಿಂದ ಅಳಿವೆಯ ನೀರನ್ನು ಅಳೆಯುತ್ತಿರುವವರು ಯಾರು? ಯಾರೂ ಇಲ್ಲ ಎಂದು ಉಬ್ಬರವಿಳಿತದ ಮುನ್ಸೂಚನೆ ಕೊಡುವ ನಿಮ್ಮ ಕಚೇರಿಯೇ ಮೊನ್ನೆ ಒಪ್ಪಿಕೊಂಡಿದೆ. ನದಿ ಸಮುದ್ರ ಸೇರುವಲ್ಲಿ ನೀವು ಇಳಿಬಿಟ್ಟಿದ್ದ ಮಾಪಕ ಕೆಟ್ಟಿದೆ. ಕೆಟ್ಟಿದೆ ಎಂದು ಹೇಳುವ ಬದಲು ನಿಮ್ಮ ಕಂಪ್ಯೂಟರ್ ತನ್ನ ಮುನ್ಸೂಚನೆಯನ್ನೇ ಎತ್ತಿ ಅಳತೆಯ ಜಾಗಕ್ಕೆ ತುಂಬಿತು. ತಾನೇ ಪ್ರಶ್ನೆಪತ್ರಿಕೆ ಬರೆದು, ತಾನೇ ಉತ್ತರಿಸಿ, ತಾನೇ ನೂರಕ್ಕೆ ನೂರು ಹಾಕಿಕೊಳ್ಳುವ ಇಂಥ ಜಾಣ ವಿದ್ಯಾರ್ಥಿ ನಿಮಗೆಲ್ಲಿ ಸಿಕ್ಕಿದ?

ನಾನು ನಿಮ್ಮ ಅಭಿಮಾನಿ. ನಗಬೇಡಿ. ಬೇರೆಯವರು ನಟರ ಫೋಟೋ ಹಂಚುವ ಹಾಗೆ ನಾನು ದಿನಾ ಬೆಳಿಗ್ಗೆ ನಿಮ್ಮ ಪುಟದ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕುತ್ತಿದ್ದೆ. ನೀಲಿ ಗೆರೆ ಮುನ್ಸೂಚನೆ, ಕೆಂಪು ಗೆರೆ ಅಳತೆ. ಯಾವಾಗಲೂ ಒಂಚೂರು ಮುನಿಸಿಕೊಂಡೇ ಇರುತ್ತಿದ್ದ ಎರಡೂ ಇದ್ದಕ್ಕಿದ್ದಂತೆ ಕೂದಲೆಳೆ ಬಿಡದೆ ಒಂದಾದವು. 'ಮಾಡೆಲ್ ಅಂದ್ರೆ ಇದಪ್ಪಾ!' ಎಂದು ಬರೆದು ಐದು ಬೆಂಕಿ ಇಮೋಜಿ ಒತ್ತಿದೆ.

ನನ್ನ ಸೋದರಮಾವನದು ಅಳಿವೆ ದಾಟಿಸುವ ದೋಣಿ. ದೋಣಿಗಟ್ಟೆಯ ಕಂಬದ ಮೇಲೆ ತಾನೇ ಬಣ್ಣದಲ್ಲಿ ಎಳೆದ ಗುರುತು ನೋಡಿ ಹೊರಡುವವನು. ಅವತ್ತು ದಡದಲ್ಲಿ ಅವನಿಗೂ ಫೋನ್ ತೋರಿಸಿದೆ.

"ನೀರು ಇಷ್ಟು ಶಿಸ್ತಾಗಿ ಇರಲ್ಲ ಕಣೇ ಪುಟ್ಟಿ. ಮೇಲೆ ಘಟ್ಟದಲ್ಲಿ ಮಳೆ ಆಗಿದೆ, ನದಿ ನೂಕ್ತಿದೆ."

"ಮಾಮ, ನಿನ್ನ ಕಂಬಕ್ಕೆ ವಯಸ್ಸಾಯ್ತು. ಹತ್ತೂವರೆಗೆ ಸೆಳೆತ ನಿಲ್ಲುತ್ತೆ. ನೋಡಿಲ್ಲಿ, ಹಸಿರು, ದಾಟಬಹುದು ಅಂತ."

"ಆಯ್ತಮ್ಮ ಮೇಡಂ. ನೀನೇ ಹೇಳಿದ್ಮೇಲೆ ಇನ್ನೇನು?"

ನಗುತ್ತಲೇ ಹಗ್ಗ ಬಿಚ್ಚಿದ. ಹತ್ತೂವರೆಗೆ ಸೆಳೆತ ನಿಲ್ಲಲಿಲ್ಲ. ನದಿಯ ರಭಸಕ್ಕೆ ಹೊರಗಿನ ಅಲೆ ಎದುರಾದ ಕಡೆ ದೋಣಿ ಮಗುಚಿತು. ಆಚೆ ದಡದವರನ್ನು ಕರೆತರಲು ಹೊರಟಿದ್ದ, ಒಬ್ಬನೇ ಇದ್ದ. ಮೂರನೇ ದಿನ ಸಿಕ್ಕಿದ. ಆ ಮೂರು ದಿನವೂ ನಿಮ್ಮ ಗೆರೆಗಳು ಒಂದರ ಮೇಲೊಂದು ಮಲಗಿಯೇ ಇದ್ದವು.

ದೂರು ಕೊಟ್ಟಾಗ ನಿಮ್ಮ ಉತ್ತರ ಬಂತು: 'ಮುನ್ಸೂಚನೆಯು ಮಾರ್ಗದರ್ಶನಕ್ಕಾಗಿ ಮಾತ್ರ.' ಅತ್ತೆ ಎರಡು ಸಲ ಓದಿಸಿಕೊಂಡಳು. "ಹಂಗಾದ್ರೆ ಹಸಿರು ಯಾಕೆ ಹಾಕ್ತಾರೆ?" ಎಂದು ಕೇಳಿದಳು. ಅವಳು ನೋಡಿದ್ದು ನಿಮ್ಮ ಕಾಗದವನ್ನಲ್ಲ, ನನ್ನನ್ನು.

ನನ್ನ ಪಾಲಿನ ತಪ್ಪು ನನಗಿರಲಿ. ನಿಮ್ಮ ಪಾಲಿನದನ್ನು ನೀವು ತೆಗೆದುಕೊಳ್ಳಿ. ಮಾಪಕ ಇನ್ನೂ ಕೆಟ್ಟೇ ಇದೆ, ಪುಟ ಇನ್ನೂ ಹಸಿರಾಗಿಯೇ ಇದೆ, ಮಾಮನ ಜೊತೆಗಾರರು ನಾಳೆಯೂ ದಾಟಬೇಕು. ಅಳತೆ ಇಲ್ಲದ ದಿನ ಕೆಂಪು ಗೆರೆ ಎಳೆಯಬೇಡಿ. 'ಗೊತ್ತಿಲ್ಲ' ಎಂದು ದೊಡ್ಡದಾಗಿ ಬರೆಯಿರಿ. ಇವತ್ತೇ. ಆಗುವುದಿಲ್ಲವೇ? ಸರಿ, ನಾಳೆ ನಿಮ್ಮ ಪುಟ ಹಸಿರು ತೋರಿಸುವ ಹೊತ್ತಿಗೆ ದಡಕ್ಕೆ ಬನ್ನಿ, ದೋಣಿ ಸಿದ್ಧವಿರುತ್ತದೆ. ಹತ್ತುತ್ತೀರಾ?

ಇಂತಿ,
ಐದು ಬೆಂಕಿ ಒತ್ತಿ ಮಾಮನನ್ನು ನೀರಿಗೆ ಕಳಿಸಿದ ನಿಮ್ಮ ಅಭಿಮಾನಿ